ಸಮುದ್ರದಲ್ಲಿ ನಿಂತ ಆ ಕೆಂಪು ಬಾಗಿಲು ಬೀಳುವುದಿಲ್ಲ ಯಾಕೆ?

ಓದುಗರ ಪ್ರಶ್ನೆ: ಜಪಾನಿನ ಮಿಯಾಜಿಮಾ ದ್ವೀಪದಲ್ಲಿ ನೀರಿನೊಳಗೇ ಒಂದು ಕೆಂಪು ಹೆಬ್ಬಾಗಿಲು ಇದೆಯಲ್ಲ, ಅದರ ಕಂಬಗಳನ್ನು ಎಷ್ಟು ಆಳಕ್ಕೆ ಹೂತಿದ್ದಾರೆ?

ಹೂತೇ ಇಲ್ಲ! ತನ್ನ ಭಾರದಿಂದಲೇ ನಿಂತಿದೆ.

ಅದು ಹಿರೋಷಿಮಾ ಹತ್ತಿರದ ಇತ್ಸುಕುಶಿಮಾ ಶಿಂಟೋ (ಜಪಾನಿನ ಮೂಲ ಧರ್ಮ) ಗುಡಿಯ ತೋರಿ, ಅಂದರೆ ಗುಡಿಯ ಮುಂದಿನ ಬಾಗಿಲು. ಈಗಿರುವುದನ್ನು ಕಟ್ಟಿದ್ದು 1875ರಲ್ಲಿ. ಎತ್ತರ 16 ಮೀಟರಿಗೂ ಜಾಸ್ತಿ, ತೂಕ ಸುಮಾರು 60 ಟನ್. ಕೆಸರು ನೆಲ ಕುಸಿಯಬಾರದು ಅಂತ ಪೈನ್ ಮರದ ಗೂಟಗಳನ್ನು ಒತ್ತೊತ್ತಾಗಿ ಹೊಡೆದು ಬುಡ ಗಟ್ಟಿ ಮಾಡಿ, ಅದರ ಮೇಲೆ ಕರ್ಪೂರದ ಮರದ ಎರಡು ದಪ್ಪ ಕಂಬಗಳನ್ನು ನಿಲ್ಲಿಸಿದ್ದಾರೆ. ಒಂದೊಂದಕ್ಕೂ ಹಿಂದೆ ಮುಂದೆ ಚಿಕ್ಕ ಕಂಬಗಳ ಆಸರೆ, ಒಟ್ಟು ಆರು ಕಾಲು. ಇನ್ನು ಮೇಲಿನ ಅಡ್ಡತೊಲೆ. ಕೆಳಗಿನಿಂದ ನೋಡಿದರೆ ಒಂದೇ ದಿಮ್ಮಿ ಅನಿಸುತ್ತದೆ, ಆದರೆ ಅದು ಟೊಳ್ಳು ಪೆಟ್ಟಿಗೆ, ಒಳಗೆ ಮುಷ್ಟಿಗಾತ್ರದ ಕಲ್ಲುಗಳನ್ನು ಟನ್‌ಗಟ್ಟಲೆ ತುಂಬಿದ್ದಾರೆ. ಆ ಭಾರ ಕಂಬಗಳನ್ನು ಕೆಳಕ್ಕೆ ಒತ್ತಿ ಹಿಡಿಯುತ್ತದೆ.

ನೀರಿನಲ್ಲೇ ಯಾಕೆ ಕಟ್ಟಬೇಕಿತ್ತು ಅಂತೀರಾ? ಹಿಂದೆ ದ್ವೀಪವೇ ದೇವರು ಅನ್ನುವ ನಂಬಿಕೆ ಇತ್ತು. ದೇವರ ಮೈಮೇಲೆ ಗುಂಡಿ ತೋಡಿ ಕಂಬ ನೆಡುವುದು ಹೇಗೆ? ಹಾಗಾಗಿ ಭರತ ಬಂದಾಗ ನೀರು ತುಂಬುವ ದಡದಲ್ಲಿ ಗುಡಿ ಎದ್ದಿತು. ಗುಡಿ ಶುರುವಾದದ್ದು 593ರಲ್ಲಿ ಅನ್ನುತ್ತದೆ ಐತಿಹ್ಯ. ಈಗ ಕಾಣುವ ದೊಡ್ಡ ವಿನ್ಯಾಸ ಮಾತ್ರ ತೈರಾ ನೊ ಕಿಯೊಮೊರಿ ಎಂಬ ಪ್ರಬಲ ಸರದಾರ 1168ರ ಹೊತ್ತಿಗೆ ಮಾಡಿಸಿದ್ದು. ಆಮೇಲೆ ಬೆಂಕಿಗೆ ಸುಟ್ಟು ಮತ್ತೆ ಎದ್ದಿದೆ, ಮುಖ್ಯ ಗುಡಿಯನ್ನು 1571ರಲ್ಲಿ ಮೋರಿ ಮೊತೊನಾರಿ ಎಂಬ ಇನ್ನೊಬ್ಬ ಸರದಾರ ಹೊಸದಾಗಿ ಕಟ್ಟಿಸಿದ.

ಎಲ್ಲರೂ ಬಾಗಿಲಿನ ಫೋಟೊ ತೆಗೆದುಕೊಂಡು ಬರುತ್ತಾರೆ. ನನ್ನ ಕೇಳಿದರೆ ಅದಕ್ಕಿಂತ ಜಾಣ ಕೆಲಸ ಒಳಗಿನ ಮೊಗಸಾಲೆಯ ನೆಲದಲ್ಲಿದೆ. ಬಗ್ಗಿ ನೋಡಿ, ಹಲಗೆ ಹಲಗೆ ನಡುವೆ ಸಂದು ಬಿಟ್ಟಿದ್ದಾರೆ. ಬಿರುಗಾಳಿಗೆ ಸಮುದ್ರ ಉಕ್ಕಿದಾಗ ನೀರು ಆ ಸಂದುಗಳಲ್ಲಿ ಮೇಲೆ ಬಂದು ಹಾಗೇ ಇಳಿದು ಹೋಗುತ್ತದೆ, ನೆಲ ಕಿತ್ತು ಬರುವುದಿಲ್ಲ. ಹಾಗಂತ ಏನೂ ಆಗುವುದೇ ಇಲ್ಲ ಅಂತಲ್ಲ. 1991ರ ಚಂಡಮಾರುತಕ್ಕೆ ‘ನೋ’ ಎಂಬ ಜಪಾನಿನ ಸಾಂಪ್ರದಾಯಿಕ ನಾಟಕದ ರಂಗಮಂಟಪ ಕುಸಿದಿತ್ತು, 2004ರಲ್ಲೂ ಜೋರು ಪೆಟ್ಟು ಬಿತ್ತು. ಬಾಗಿಲಿಗೂ 2019ರಿಂದ 2022ರವರೆಗೆ ದೊಡ್ಡ ರಿಪೇರಿ ನಡೆಯಿತು.

ಹೋಗುವವರು ಇಳಿತದ ಹೊತ್ತು ನೋಡಿಕೊಂಡರೆ ಬಾಗಿಲಿನ ಬುಡದವರೆಗೂ ನಡೆದೇ ಹೋಗಬಹುದು. ಪಕ್ಕದ ದೈಗಾನ್‌ಜಿ ಬೌದ್ಧ ದೇವಾಲಯವನ್ನೂ ಬಿಡಬೇಡಿ. ಅಲ್ಲಿರುವ ಬೆಂಜೈತೆನ್ ಬೇರೆ ಯಾರೂ ಅಲ್ಲ, ನಮ್ಮ ಸರಸ್ವತಿಯೇ. 1868ರ ನಂತರ ಸರ್ಕಾರ ಶಿಂಟೋ ಬೇರೆ, ಬೌದ್ಧ ಬೇರೆ ಅಂತ ಮಾಡುವವರೆಗೂ ಅವಳಿಗೆ ಪೂಜೆ ನಡೆಯುತ್ತಿದ್ದದ್ದು ಇತ್ಸುಕುಶಿಮಾ ಗುಡಿಯಲ್ಲೇ.