ಟವರ್ ಹಾಕಲು ಬಂದವರನ್ನು ಮೊದಲು ಕೇಳಬೇಕಾದ ಕಾಗದ

ತಿಪಟೂರು ಕಡೆಯ ರೈತರೊಬ್ಬರು ಪ್ಲಾಸ್ಟಿಕ್ ಕವರ್ ಹಿಡಿದು ನನ್ನ ವಕೀಲಿ ಆಫೀಸಿಗೆ ಬಂದರು. ಒಳಗೆ ಪಹಣಿ, ಕಂದಾಯ ರಸೀದಿ, ತಾತನ ಕಾಲದ ಕ್ರಯಪತ್ರ. "ಸಾರ್, ಜಮೀನು ನಂದು. ಕೇಳದೇನೇ ತೋಟದೊಳಗೆ ಗೂಟ ಹೊಡೆದು ಹೋಗವ್ರೆ. ಸ್ಟೇ ತಕ್ಕೊಡಿ" ಅಂದರು. ಒಡೆತನದ ದಾಖಲೆ ಒಂದೂ ಕಮ್ಮಿ ಇರಲಿಲ್ಲ. ಆದರೆ ಹೈಟೆನ್ಷನ್ ಲೈನಿನ ಕೇಸಲ್ಲಿ ಮೊದಲು ನೋಡಬೇಕಾದ ಕಾಗದ ರೈತನ ಕವರಿನಲ್ಲಿ ಇರುವುದಿಲ್ಲ. ಅದು ಕಂಪನಿ ಹತ್ತಿರ ಇರುತ್ತದೆ.

2003ರ ವಿದ್ಯುತ್ ಕಾಯ್ದೆಯ 164ನೇ ಸೆಕ್ಷನ್ ಪ್ರಕಾರ ಸರ್ಕಾರ ಕೊಡುವ ಆದೇಶ ಅದು. ಆ ಆದೇಶ ಸಿಕ್ಕಿದ ಕಂಪನಿಗೆ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರ ಬರುತ್ತದೆ. ಹೌದು, ಬ್ರಿಟಿಷರು ತಂತಿ ಎಳೆಯಲು ಮಾಡಿಕೊಂಡ ಕಾಯ್ದೆಯೇ. 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಮಾಡಿದಾಗಲೂ ಕರೆಂಟ್ ಲೈನಿನ ಮಟ್ಟಿಗೆ ಹಳೆಯದರ ಆ ಭಾಗವನ್ನು ಹಾಗೇ ಉಳಿಸಿಕೊಂಡರು. 164ರ ಆದೇಶ ಇದ್ದರೆ ಮಾಲೀಕನ ಮುಂಗಡ ಒಪ್ಪಿಗೆ ಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ ಪವರ್‌ಗ್ರಿಡ್ ಮತ್ತು ಸೆಂಚುರಿ ಟೆಕ್ಸ್‌ಟೈಲ್ಸ್ ನಡುವಿನ ಕೇಸಲ್ಲಿ ಹೇಳಿಬಿಟ್ಟಿದೆ. ಆದೇಶ ಇಲ್ಲದಿದ್ದರೆ ಕಥೆಯೇ ಬೇರೆ. ಆಗ ವಿದ್ಯುತ್ ಕಾಯ್ದೆಯಡಿ ಮಾಡಿದ 2006ರ ನಿಯಮಗಳು ಬರುತ್ತವೆ. ಮಾಲೀಕ ಒಪ್ಪಬೇಕು, ಇಲ್ಲವೇ ಜಿಲ್ಲಾಧಿಕಾರಿಯ ಅನುಮತಿ ತರಬೇಕು.

ಹಾಗಾಗಿ ಗೂಟ ಕಂಡ ದಿನವೇ ಬರವಣಿಗೆಯಲ್ಲಿ ಕೇಳಿ: 164ರ ಆದೇಶದ ಪ್ರತಿ ಎಲ್ಲಿ? ನಮ್ಮ ಸರ್ವೆ ನಂಬರ್ ಮೇಲೆ ಲೈನ್ ಹೋಗುವ ನಕ್ಷೆ ಎಲ್ಲಿ? ಆದೇಶ ಇದ್ದರೂ, ರೈತ ಅಡ್ಡ ನಿಂತಾಗ ಅವರು ಡಿಸಿ ಹತ್ತಿರ ಹೋಗಿ ಟೆಲಿಗ್ರಾಫ್ ಕಾಯ್ದೆಯ 16(1)ರ ಆದೇಶ ತರಬೇಕು. ಸುಮ್ನೆ ಜೆಸಿಬಿ ನುಗ್ಗಿಸುವ ಹಾಗಿಲ್ಲ. ಆದರೆ ಡಿಸಿ ಆದೇಶ ಆದಮೇಲೆ ತಡೆದರೆ ಅದು ಅಪರಾಧ. ಊರವರು ಸಿಟ್ಟಿನಲ್ಲಿ ಎಡವುವುದು ಇಲ್ಲೇ.

ಇನ್ನೊಂದು ಸಂಗತಿ ನನಗೇ ಹೊಟ್ಟೆ ಉರಿಸುತ್ತದೆ. ಇದು ಭೂಸ್ವಾಧೀನ ಅಲ್ಲ. ಪಹಣಿ ನಿಮ್ಮ ಹೆಸರಲ್ಲೇ ಇರುತ್ತದೆ, ಅವರಿಗೆ ಸಿಗುವುದು ಬಳಸುವ ಹಕ್ಕು ಮಾತ್ರ. ಕೇಳೋಕೆ ಚೆಂದ, ಅಲ್ವಾ? ಆದರೆ ಅದೇ ಕಾರಣಕ್ಕೆ 2013ರ ಭೂಸ್ವಾಧೀನ ಕಾಯ್ದೆಯ ಪರಿಹಾರ ಸಿಗುವುದಿಲ್ಲ. 400 ಕೆವಿ ಲೈನ್ ಅಂದರೆ 46 ಮೀಟರ್ ಅಗಲದ ಪಟ್ಟಿ. ಅದರ ಕೆಳಗೆ ರಾಗಿ ಬಿತ್ತಬಹುದು. ತೆಂಗು, ಅಡಿಕೆ ಆಗಲ್ಲ. ಉಡುಪಿ–ಕಾಸರಗೋಡು ಲೈನಿಗೆ ಕರಾವಳಿ ರೈತರು ಅಷ್ಟು ವಿರೋಧ ಮಾಡಿದ್ದು ತೋಟ ಹೋಗುತ್ತದೆ ಅಂತಲೇ.

ಕೇಂದ್ರ ಇಂಧನ ಸಚಿವಾಲಯದ 2024ರ ಜೂನ್ ಮಾರ್ಗಸೂಚಿಯಲ್ಲಿ ಟವರ್ ಕಾಲೂರುವ ಜಾಗಕ್ಕೆ ಭೂಮಿ ಬೆಲೆಯ 200%, ತಂತಿ ಕೆಳಗಿನ ಪಟ್ಟಿಗೆ 30% ಅಂತಿದೆ. 2015ರಲ್ಲಿ ಇದು 85 ಮತ್ತು ಹೆಚ್ಚೆಂದರೆ 15 ಇತ್ತು. ರಾಜ್ಯದ ಆದೇಶ ಬೇರೆ ಇರಬಹುದು, ಅದನ್ನೂ ನೋಡಬೇಕು. ಕೊಟ್ಟಿದ್ದು ಸಾಲದು ಅನಿಸಿದರೆ ಜಿಲ್ಲಾ ನ್ಯಾಯಾಧೀಶರ ಮುಂದೆ ಅರ್ಜಿ ಹಾಕಬಹುದು. ಮರದ ಲೆಕ್ಕ ಒಂದೇ ಅಲ್ಲ, ಜಮೀನಿನ ಬೆಲೆ ಎಷ್ಟು ಇಳಿಯಿತು ಅನ್ನುವುದನ್ನೂ ನೋಡಬೇಕು ಅಂತ ಕೇರಳ ವಿದ್ಯುತ್ ಮಂಡಳಿಯ ಲಿವಿಶಾ ಕೇಸಲ್ಲಿ ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ.

ನಮ್ಮ ತಿಪಟೂರಿನವರ ಕೇಸಿಗೆ ಬರೋಣ. ಕಂಪನಿ 164ರ ಆದೇಶ ತೋರಿಸಿತು. ಸ್ಟೇ ಆಸೆ ಅಲ್ಲಿಗೆ ಮುಗಿಯಿತು. ಪಹಣಿ ತಿರುಗಿಸಿದರೆ ಬೆಳೆ ಕಾಲಂನಲ್ಲಿ "ರಾಗಿ" ಅಂತಿದೆ. ತೆಂಗು ಹಾಕಿ ಇಪ್ಪತ್ತು ವರ್ಷವಾದರೂ ತಿದ್ದಿಸಿಲ್ಲ! ಅವತ್ತೇ ತೋಟಕ್ಕೆ ಹೋದೆವು. ಪ್ರತಿ ಮರಕ್ಕೂ ಸುಣ್ಣದಲ್ಲಿ ನಂಬರ್ ಬರೆದು, ಫೋಟೋ ತೆಗೆದು, ಪಕ್ಕದ ಜಮೀನಿನವರ ಸಹಿ ಹಾಕಿಸಿದೆವು. ಕಂಪನಿ ಪಟ್ಟಿಯಲ್ಲಿ 43 ಮರ ಇತ್ತು. ಸುಣ್ಣದ ನಂಬರ್ 61ಕ್ಕೆ ನಿಂತಿತು.

ಮರ ಕಡಿದಾಯಿತು. ಈಗ ಜಿಲ್ಲಾ ನ್ಯಾಯಾಲಯದಲ್ಲಿ ನಾವು ವಾದಿಸುತ್ತಿರುವುದು ಆ ಹದಿನೆಂಟು ಮರ ಮತ್ತು ತಂತಿ ಕೆಳಗಿನ ಪಟ್ಟಿಯ ಬೆಲೆಯ ಬಗ್ಗೆ.