ಕೆಲ್ಟಿಕ್ ಭಾಷೆಗಳ ನೆಂಟಸ್ತಿಕೆ: 'ಕ' ಕವಲು, 'ಪ' ಕವಲು

ಪಶ್ಚಿಮ ಯುರೋಪಿನ ಒಂದು ಭಾಷಾ ಕುಟುಂಬವಾದ ಕೆಲ್ಟಿಕ್ ಭಾಷೆಗಳಲ್ಲಿ ಇವತ್ತು ಬಳಕೆಯಲ್ಲಿರುವುದು ಆರು. ಐರಿಷ್, ಸ್ಕಾಟಿಷ್ ಗೇಲಿಕ್, ಮ್ಯಾಂಕ್ಸ್ (ಐರ್ಲೆಂಡ್, ಬ್ರಿಟನ್ ನಡುವಿನ ಮ್ಯಾನ್ ದ್ವೀಪದ್ದು) ಒಂದು ಕವಲು. ವೆಲ್ಷ್ (ವೇಲ್ಸ್‌ನದು), ಕಾರ್ನಿಷ್ (ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲಿನದು), ಬ್ರೆಟನ್ (ಫ್ರಾನ್ಸಿನ ಬ್ರಿಟನಿ ಪ್ರಾಂತದ್ದು) ಇನ್ನೊಂದು. ಮ್ಯಾಂಕ್ಸ್ ಮತ್ತು ಕಾರ್ನಿಷ್ ನಿಂತುಹೋಗಿ, ಮತ್ತೆ ಕಲಿತು ಎಬ್ಬಿಸಿದ ಭಾಷೆಗಳು.

ಕವಲು ಗುರುತಿಸುವುದು ಸುಲಭ. ಮೂಲದ 'ಕ್ವ' ಸದ್ದು ಮೊದಲ ಗುಂಪಿನಲ್ಲಿ 'ಕ' ಆಯಿತು, ಎರಡನೆಯದರಲ್ಲಿ 'ಪ' ಆಯಿತು. ತಲೆಗೆ ಐರಿಷ್‌ನಲ್ಲಿ 'ಕ್ಯಾನ್', ವೆಲ್ಷ್‌ನಲ್ಲಿ 'ಪೆನ್'. ಊರಿನ ಹೆಸರುಗಳಲ್ಲೂ ಇದು ಸಿಗುತ್ತದೆ. ಸ್ಕಾಟ್ಲೆಂಡಿನ ಕಿಂಟೈರ್, ವೇಲ್ಸ್‌ನ ಪೆಂಬ್ರೋಕ್ ಎರಡಕ್ಕೂ 'ನೆಲದ ತಲೆ', ಅಂದರೆ ನೆಲದ ತುದಿ ಅಂತಲೇ ಅರ್ಥ. ನಕ್ಷೆ ತೆಗೆದು ನೋಡಿ, ಎರಡೂ ಸಮುದ್ರಕ್ಕೆ ಚಾಚಿಕೊಂಡ ಸೀಮೆಗಳು.

ಬ್ರೆಟನ್ ವಿಷಯದಲ್ಲಿ ಹುಷಾರು. ಫ್ರಾನ್ಸಿನಲ್ಲಿದೆ ಅಂತ ಅದನ್ನು ಅಲ್ಲಿ ಹಿಂದೆ ಇದ್ದ ಕೆಲ್ಟಿಕ್ ಭಾಷೆ ಗಾಲಿಷ್‌ನ ಮಗಳು ಅಂತ ಸುಮ್ನೆ ಬರೆದುಬಿಡಬೇಡಿ. ಸುಮಾರು 5-6ನೇ ಶತಮಾನದಲ್ಲಿ ಬ್ರಿಟನ್ನಿನಿಂದ ಕಡಲು ದಾಟಿದವರು ಒಯ್ದ ಭಾಷೆ ಅದು. ಹಾಗಾಗಿ ಕಾರ್ನಿಷ್‌ಗೆ ತೀರಾ ಹತ್ತಿರ.

ಆರರಲ್ಲೂ ಇರುವ ಗುಣ ಒಂದಿದೆ: ಪದದ ಮೊದಲ ಅಕ್ಷರವೇ ಬದಲಾಗುತ್ತದೆ. ನಮ್ಮ ಆದೇಶ ಸಂಧಿ ನೆನಪಿದೆ ಅಲ್ವಾ? ಮಳೆ, ಕಾಲ ಸೇರಿ ಮಳೆಗಾಲ. ವೆಲ್ಷ್‌ನ ಮೃದು ಬದಲಾವಣೆಯಲ್ಲೂ ಕ, ತ, ಪ ಹೋಗಿ ಗ, ದ, ಬ ಬರುತ್ತವೆ. ಆದರೆ ಅಲ್ಲಿ ಅದಕ್ಕೆ ಕೆಲಸ ಜಾಸ್ತಿ. 'ಕಾಥ್' ಅಂದರೆ ಬೆಕ್ಕು. 'ಇ ಗಾಥ್' ಅಂದರೆ ಅವನ ಬೆಕ್ಕು, 'ಇ ಖಾಥ್' ಅಂದರೆ ಅವಳ ಬೆಕ್ಕು (ಈ 'ಖ' ಗಂಟಲಲ್ಲಿ ಉಜ್ಜಿ ಬರಬೇಕು). ಅವನ, ಅವಳ ಎರಡಕ್ಕೂ 'ಇ' ಒಂದೇ. ವ್ಯತ್ಯಾಸ ತಿಳಿಯುವುದು ಬೆಕ್ಕಿನ ಮೊದಲ ಅಕ್ಷರದಿಂದ!

ಸಂಸ್ಕೃತಿಯ ನಂಟೂ ಬಹಳ ಸಲ ಕವಲಿನ ದಾರಿಯಲ್ಲೇ ಸಾಗಿದೆ. ವೇಲ್ಸ್‌ನ ನಾಡಗೀತೆ 1856ರಲ್ಲಿ ಪಾಂಟಿಪ್ರಿದ್‌ನಲ್ಲಿ ಹುಟ್ಟಿತು. ಸಾಹಿತ್ಯ ತಂದೆ ಇವಾನ್ ಜೇಮ್ಸ್‌ದು, ರಾಗ ಮಗ ಜೇಮ್ಸ್ ಜೇಮ್ಸ್‌ದು. ಅದೇ ರಾಗಕ್ಕೆ ತಮ್ಮ ಭಾಷೆಯ ಮಾತು ಕೂರಿಸಿ ಬ್ರೆಟನ್ನರೂ ಕಾರ್ನ್‌ವಾಲಿನವರೂ ಹಾಡುತ್ತಾರೆ. ಕವಿಗಳ ಸಭೆ 'ಗೋರ್ಸೆಡ್' ಕೂಡ ಮೂರೂ ಕಡೆ ಇದೆ. 1792ರಲ್ಲಿ ಲಂಡನ್ನಿನ ಪ್ರಿಮ್‌ರೋಸ್ ಹಿಲ್ ಮೇಲೆ ಇದನ್ನು ಶುರು ಮಾಡಿದ ವೆಲ್ಷ್ ಕವಿ ಇಯೊಲೊ ಮೊರ್ಗಾನುಗ್, ಇದು ಪ್ರಾಚೀನ ಕೆಲ್ಟರ ಪುರೋಹಿತರಾದ ಡ್ರೂಯಿಡರ ಪದ್ಧತಿ ಅಂದ. ಬಹುಪಾಲು ಅವನೇ ಕಟ್ಟಿದ್ದು. ಆದರೆ ಇನ್ನೂರು ವರ್ಷ ದಾಟಿ ನಡೆದುಕೊಂಡು ಬಂದದ್ದನ್ನು ಬರೀ ಸುಳ್ಳು ಅನ್ನಲು ನನಗೆ ಮನಸ್ಸಿಲ್ಲ.

'ಕ' ಕವಲಿನಲ್ಲಿ ಇದಕ್ಕಿಂತ ತುರ್ತಿನ ಕೆಲಸ ನಡೆಯಿತು. 1948ರಲ್ಲಿ ಐರಿಷ್ ಜಾನಪದ ಆಯೋಗದವರು ಧ್ವನಿಮುದ್ರಣ ಯಂತ್ರ ಹೊತ್ತು ಮ್ಯಾನ್ ದ್ವೀಪಕ್ಕೆ ಹೋಗಿ, ಉಳಿದಿದ್ದ ವಯಸ್ಸಾದ ಮ್ಯಾಂಕ್ಸ್ ಮಾತುಗಾರರನ್ನು ದಾಖಲಿಸಿದರು. ಹಳೆ ತಲೆಮಾರಿನ ಕೊನೆಯ ಮಾತುಗಾರ ನೆಡ್ ಮ್ಯಾಡ್ರೆಲ್ 1974ರಲ್ಲಿ ತೀರಿಕೊಂಡರು. ಈಗ ಅದೇ ದ್ವೀಪದ ಸೇಂಟ್ ಜಾನ್ಸ್‌ನಲ್ಲಿ ಮ್ಯಾಂಕ್ಸ್ ಮಾಧ್ಯಮದ ಪ್ರಾಥಮಿಕ ಶಾಲೆ ಇದೆ.