ಗರಿಹುಳುವಿನ ಹಸಿವು

ಮಂಡ್ಯದ ಕಬ್ಬಿನ ಗದ್ದೆಯಲ್ಲಿ ತರಗು ಸರಿಸಿ ತೇವದ ಮಣ್ಣು ಕೆದಕಿದರೆ ಸಿಗುವ ಎರೆಹುಳುವಿಗೆ ಕಡಲಿನಲ್ಲೂ ನೆಂಟರಿದ್ದಾರೆ. ಉಂಗುರ ಉಂಗುರವಾದ ಮೈಯುಳ್ಳ ವಲಯವಂತಗಳ ದೊಡ್ಡ ಬಳಗವದು. ಗದ್ದೆಯ ಹುಳು ಮಣ್ಣು ನುಂಗುತ್ತಾ ಮುಂದೆ ಸಾಗಿದರೆ, ಕಡಲಿನ ಈ ನೆಂಟ ತಾನೇ ಕಟ್ಟಿಕೊಂಡ ಕೊಳವೆಯೊಳಗೆ ಕೂತಲ್ಲೇ ಕೂತು, ತಲೆಯ ಮೇಲಿನ ಗರಿಗಳನ್ನು ಬೀಸಣಿಗೆಯಂತೆ ಅರಳಿಸಿ, ನೀರಿನಲ್ಲಿ ತೇಲಿಬಂದದ್ದನ್ನು ಹಿಡಿದು ತಿನ್ನುತ್ತದೆ. ಅಕ್ವೇರಿಯಂ ಅಂಗಡಿಗಳಲ್ಲಿ ಇದು ಫೆದರ್ ಡಸ್ಟರ್. ನಾವು ಗರಿಹುಳು ಎನ್ನೋಣ.

‘ಸಾಕಲು ಬಹಳ ಸುಲಭ’ ಎಂದು ಹೇಳಿ ಇದನ್ನು ಮಾರುತ್ತಾರೆ. ಮೊದಲ ಕೆಲವು ತಿಂಗಳು ಆ ಮಾತು ನಿಜವೆನಿಸುತ್ತದೆ. ಆಮೇಲೊಂದು ದಿನ ಗರಿಗಳ ಕಿರೀಟ ಪೂರ್ತಿ ಕಳಚಿ ಬೀಳುತ್ತದೆ. ಕೆಲವು ವಾರಗಳಲ್ಲಿ ಹೊಸದು ಚಿಗುರುತ್ತದೆ, ಆದರೆ ಮೊದಲಿಗಿಂತ ಚಿಕ್ಕದಾಗಿ. ಅದೂ ಉದುರಿ ಮೂರನೆಯದು ಇನ್ನೂ ಚಿಕ್ಕದಾಗಿ ಬಂದಾಗ ಸಾಕಿದವರು ರೋಗವೆಂದು ತಿಳಿದು ಔಷಧಿ ಹುಡುಕುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಹುಳುವಿಗೆ ಬಂದಿರುವುದು ಹಸಿವು. ನೀರು ಕನ್ನಡಿಯಂತೆ ತಿಳಿಯಾಗಿರಬೇಕು ಎಂಬ ನಮ್ಮ ಆಸೆಯೇ ಅದರ ಊಟವನ್ನು ಕಿತ್ತುಕೊಂಡಿರುತ್ತದೆ.

ಗರಿಗಳು ಕೆಲಸ ಮಾಡುವ ಬಗೆ ತಿಳಿದರೆ ಇದು ಸ್ಪಷ್ಟವಾಗುತ್ತದೆ. ಪ್ರತಿ ಗರಿಯ ಎರಡೂ ಬದಿಯಲ್ಲಿ ಸಾಲು ಸಾಲು ಎಸಳುಗಳು, ಎಸಳುಗಳ ಮೇಲೆ ಬರಿಗಣ್ಣಿಗೆ ಕಾಣದ ರೋಮಗಳು. ಈ ರೋಮಗಳು ಒಂದೇ ಸಮನೆ ಬಡಿಯುತ್ತಾ ನೀರನ್ನು ಹೊರಗಿನಿಂದ ಕಿರೀಟದ ಒಳಕ್ಕೆ ಸೆಳೆದು ಮೇಲಕ್ಕೆ ಬಿಡುತ್ತವೆ. ದಾರಿಯಲ್ಲಿ ಸಿಕ್ಕ ಕಣಗಳು ಲೋಳೆಗೆ ಅಂಟಿಕೊಂಡು, ಗರಿಯ ನಡುವಿನ ಸಣ್ಣ ಕಾಲುವೆಯಲ್ಲಿ ಬುಡಕ್ಕೆ ಇಳಿಯುತ್ತವೆ. ಅಲ್ಲಿ ವಂದರಿ ಹಿಡಿದಂತೆ ವಿಂಗಡಣೆ ನಡೆಯುತ್ತದೆ: ದಪ್ಪ ಕಣ ಹೊರಕ್ಕೆ, ಮಧ್ಯಮ ಗಾತ್ರದ್ದು ಲೋಳೆಯೊಂದಿಗೆ ಬೆರೆತು ಕೊಳವೆಯ ಬಾಯಿಗೆ ಹೊಸ ಉಂಗುರವಾಗಿ, ಅತಿ ಸಣ್ಣದು ಬಾಯಿಗೆ. ಊಟವೂ ಮನೆಯ ಗಾರೆಯೂ ಒಂದೇ ನೀರಿನಿಂದ ಬರಬೇಕು. ಕಿರೀಟವೇ ಕಿವಿರು ಕೂಡ. ಹಾಗಾಗಿ ಕಿರೀಟ ಕಳೆದುಕೊಂಡ ಹುಳು ಸರಿಯಾಗಿ ಉಣ್ಣಲಾರದು, ಸರಿಯಾಗಿ ಉಸಿರಾಡಲಾರದು. ಮೈಯಲ್ಲಿ ಕೂಡಿಟ್ಟದ್ದನ್ನು ಕರಗಿಸಿ ಹೊಸ ಗರಿ ಹೆಣೆಯುತ್ತದೆ. ಕೂಡಿಟ್ಟದ್ದು ಕಡಿಮೆಯಾದಷ್ಟೂ ಹೊಸ ಕಿರೀಟ ಕುಗ್ಗುತ್ತದೆ. ಆದ್ದರಿಂದ ಹುಳುವಿನ ಕ್ಷೇಮ ತಿಳಿಯಲು ಕಿರೀಟದ ಅಗಲ ಅಳೆಯುವುದಕ್ಕಿಂತ ಒಳ್ಳೆಯ ದಾರಿ ಇಲ್ಲ. ಗಾಜಿನ ಹೊರಗೆ ಸಣ್ಣ ಸ್ಕೇಲ್ ಹಿಡಿದು ತಿಂಗಳಿಗೊಮ್ಮೆ ನೋಡಿ ಬರೆದಿಟ್ಟುಕೊಳ್ಳಿ.

ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಸಬೆಲ್ಲಾಸ್ಟಾರ್ಟೆ ಎಂಬ ದೊಡ್ಡ ಗರಿಹುಳು. ಲೋಳೆ ಮತ್ತು ಕೆಸರಿನಿಂದಾದ, ತೊಗಲಿನಂತೆ ಬಾಗುವ ಕೊಳವೆ. ಕಂದು–ಬಿಳಿ ಪಟ್ಟೆಯ ಕಿರೀಟ, ಚೆನ್ನಾಗಿ ಬೆಳೆದರೆ 8–10 ಸೆಂ.ಮೀ. ಅಗಲ. ಹೊಸಬರಿಗೆ ಇದು, ಇಲ್ಲವೇ ಗುಂಪಾಗಿ ಬೆಳೆಯುವ ಪುಟ್ಟ ಬಿಸ್ಪಿರಾ ಸೂಕ್ತ. ಬಿಸ್ಪಿರಾ ಮೈ ತುಂಡಾಗಿಸಿಕೊಂಡೇ ಸಂತಾನ ಬೆಳೆಸಬಲ್ಲದು, ಊಟ ಸಿಕ್ಕರೆ ತೊಟ್ಟಿಯಲ್ಲೇ ಹೆಚ್ಚುತ್ತದೆ. ಸುಣ್ಣದ ಗಟ್ಟಿ ಕೊಳವೆಯ ಜಾತಿಗಳು ನೋಡಲು ಸೊಗಸು, ಆದರೆ ಕೊಳವೆ ಕಟ್ಟಲು ಅವಕ್ಕೆ ಕ್ಯಾಲ್ಸಿಯಂ 400–450 ಪಿಪಿಎಂ (ಹತ್ತು ಲಕ್ಷದಲ್ಲಿ ಅಷ್ಟು ಭಾಗ) ಸದಾ ಇರಬೇಕು, ಕೊಳವೆ ಬಿಟ್ಟು ಹೊರಬಿದ್ದರೆ ಉಳಿಯುವುದು ಕಷ್ಟ. ಕ್ರಿಸ್ಮಸ್ ಟ್ರೀ ಹುಳುವನ್ನಂತೂ ಬಿಟ್ಟುಬಿಡಿ. ಅದು ಬದುಕುವುದು ಜೀವಂತ ಹವಳದೊಳಗೆ. ನಮ್ಮ ಕಡಲಿನ ಕಲ್ಲುಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಕೀಳುವುದೂ ಮಾರುವುದೂ ಅಪರಾಧ. ಕಾನೂನು ಇಲ್ಲದಿದ್ದರೂ ಒಂದು ಹುಳುವಿನ ಚಂದಕ್ಕಾಗಿ ಹವಳದ ಬಂಡೆ ಒಡೆಯುವುದು ತಪ್ಪೇ.

60 ಸೆಂ.ಮೀ. ಉದ್ದ, ಅಗಲ ಎತ್ತರ 45 ಸೆಂ.ಮೀ. ಇರುವ ಗಾಜಿನ ತೊಟ್ಟಿ ಸಾಕು. ಬಂಡೆ, ಮರಳು ಕಳೆದು ಸುಮಾರು 100 ಲೀಟರ್ ನೀರು ನಿಲ್ಲುತ್ತದೆ. ಇದಕ್ಕಿಂತ ಚಿಕ್ಕದಾದರೆ ಉಪ್ಪಿನ ಅಂಶ ಬೇಗ ಏರುಪೇರಾಗುತ್ತದೆ. ತಳದಲ್ಲಿ 5 ಸೆಂ.ಮೀ. ನುಣುಪು ಸುಣ್ಣಮರಳು, ಮೇಲೆ ಒಣಬಂಡೆ ಅಥವಾ ಸೆರಾಮಿಕ್ ಬಂಡೆ. ಹುಳುವಿಗೆ ಬೆಳಕಿನ ಹಂಗಿಲ್ಲ, ದುಬಾರಿ ದೀಪ ಬೇಡ.

ಈಗ ನೀರಿನ ವಿಚಾರ. ಮೈಸೂರಿನ ನಲ್ಲಿಗೆ ಬರುವ ಕಾವೇರಿ, ಕಬಿನಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಬೋರ್‌ವೆಲ್ ನೀರು ಗಡಸು. ಎರಡನ್ನೂ ಆರ್‌ಒ ಮತ್ತು ಡಿಅಯೋನೈಸಿಂಗ್ ರೆಸಿನ್ ಮೂಲಕ ಹಾಯಿಸಿ, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸುವಂತೆ ಮಾಡಬೇಕು. ಅಡುಗೆಮನೆಯ ಆರ್‌ಒ ಯಂತ್ರವೇ ಸಾಕಲ್ಲ ಎಂದು ಅನೇಕರು ಎಣಿಸುತ್ತಾರೆ. ಇಲ್ಲೇ ದೊಡ್ಡ ಅಪಾಯವಿದೆ. ಈಚಿನ ಬಹಳಷ್ಟು ಯಂತ್ರಗಳು ಆರೋಗ್ಯಕ್ಕೆ ಒಳ್ಳೆಯದೆಂದು ನೀರಿಗೆ ತಾಮ್ರ ಬೆರೆಸುತ್ತವೆ. ನಮ್ಮ ಮನೆಗಳಲ್ಲಿ ತಾಮ್ರದ ತಂಬಿಗೆಯ ನೀರು ಕುಡಿಯುವ ರೂಢಿ ಹಳೆಯದು, ಬಚ್ಚಲಿನ ಹಂಡೆಯೂ ಎಷ್ಟೋ ಕಡೆ ತಾಮ್ರದ್ದೇ. ಮನುಷ್ಯರಿಗೆ ಏನೂ ಮಾಡದ ಆ ಅಲ್ಪ ತಾಮ್ರ ಬೆನ್ನೆಲುಬಿಲ್ಲದ ಕಡಲಜೀವಿಗಳಿಗೆ ವಿಷ. ಬಂಡೆ, ಮರಳಿಗೂ ಅದು ಹಿಡಿದುಕೊಂಡು ನಿಧಾನವಾಗಿ ಬಿಡುತ್ತಿರುತ್ತದೆ, ಹಾಗಾಗಿ ನೀರು ಬದಲಿಸಿದ ಮಾತ್ರಕ್ಕೆ ಹೋಗುವುದಿಲ್ಲ. ತಾಮ್ರದ ಕಾರ್ಟ್ರಿಡ್ಜ್ ಇರುವ ಯಂತ್ರದ ನೀರು, ತಾಮ್ರ–ಹಿತ್ತಾಳೆ ಪಾತ್ರೆಯಲ್ಲಿ ಇಟ್ಟ ನೀರು, ತಾಮ್ರ ಬೆರೆತ ಮೀನಿನ ಔಷಧಿ, ಮೂರನ್ನೂ ತೊಟ್ಟಿಯ ಹತ್ತಿರ ಸುಳಿಯಗೊಡಬೇಡಿ. ಹಿಂದೆ ಅಂಥ ಔಷಧಿ ಹಾಕಿದ್ದ ಹಳೆಯ ತೊಟ್ಟಿಯ ಬಂಡೆ, ಮರಳನ್ನೂ ಮರುಬಳಕೆ ಮಾಡಬೇಡಿ.

ಉಪ್ಪು ಎಂದರೆ ಅಕ್ವೇರಿಯಂಗೆಂದೇ ತಯಾರಾದ ಕಡಲ ಉಪ್ಪಿನ ಮಿಶ್ರಣ. ಅಡುಗೆ ಉಪ್ಪು, ಕಲ್ಲುಪ್ಪಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್ ಬೇಕಾದ ಪ್ರಮಾಣದಲ್ಲಿ ಇರುವುದಿಲ್ಲ. ಲೀಟರಿಗೆ 36–38 ಗ್ರಾಂ, ಅಂದರೆ 100 ಲೀಟರಿಗೆ ಕಾಲು ಕಮ್ಮಿ ನಾಲ್ಕು ಕೆ.ಜಿ.ಗೆ ಹತ್ತಿರ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಪಂಪು ಬಿಟ್ಟು ಒಂದು ದಿನ ಕಲಕಿದ ಮೇಲೆ ಅಳೆಯಿರಿ: ಸಾಪೇಕ್ಷ ಸಾಂದ್ರತೆ (ಶುದ್ಧ ನೀರಿಗೆ ಹೋಲಿಸಿದ ತೂಕ) 1.025, ಪಿಎಚ್ 8.1–8.4. ಮುಳ್ಳು ಏರುವ ಅಗ್ಗದ ಮಾಪಕಕ್ಕೆ ಗಾಳಿಗುಳ್ಳೆ ಅಂಟಿದರೆ ಸುಳ್ಳು ಲೆಕ್ಕ ಬರುತ್ತದೆ. ಬೆಳಕು ಬಾಗುವುದನ್ನು ನೋಡಿ ಉಪ್ಪಿನಂಶ ತಿಳಿಸುವ ರಿಫ್ರ್ಯಾಕ್ಟೋಮೀಟರ್‌ಗೆ ಹಣ ಹಾಕಿ. ಮಂಗಳೂರಿಗೆ ಹೋದಾಗ ಕ್ಯಾನಿನಲ್ಲಿ ಕಡಲನೀರು ತುಂಬಿ ತರುವ ಯೋಚನೆ ಬೇಡ. ನೇತ್ರಾವತಿ, ಗುರುಪುರ ನದಿಗಳು ಕಡಲು ಸೇರುವ ಕಡೆ ಮಳೆಗಾಲದಲ್ಲಿ ತೀರದ ನೀರು ಎಷ್ಟು ತೆಳುವಾಗಿರುತ್ತದೆ, ಅದರಲ್ಲಿ ಇನ್ನೇನು ಬೆರೆತಿರುತ್ತದೆ ಎಂದು ಲೆಕ್ಕ ಸಿಗುವುದಿಲ್ಲ.

ಒಣಬಂಡೆಯ ತೊಟ್ಟಿಯಲ್ಲಿ ಅಮೋನಿಯಾವನ್ನು ನೈಟ್ರೇಟಾಗಿಸುವ ಬ್ಯಾಕ್ಟೀರಿಯಾ ನೆಲೆಯೂರಲು 4–6 ವಾರ ಬೇಕು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದ ಮೇಲೆ ಒಂದೆರಡು ಮೀನು ಬಿಡಿ. ಗರಿಹುಳುವಿಗೆ ಇನ್ನೂ ಮೂರು ತಿಂಗಳು ಕಾಯಿರಿ. ಮೀನಿನ ಮಲ, ಉಳಿದ ಆಹಾರ, ಬಂಡೆಯ ಮೇಲಿನ ಪಾಚಿ, ಸೂಕ್ಷ್ಮಜೀವಿಗಳೆಲ್ಲ ಸೇರಿ ನೀರು ಆಗ ಕೊಂಚ ‘ದಪ್ಪ’ವಾಗಿರುತ್ತದೆ. ಹುಳುವಿಗೆ ಬೇಕಾದದ್ದು ಆ ನೀರೇ.

ಡಿಸೆಂಬರ್–ಜನವರಿಯ ಮೈಸೂರಿನ ರಾತ್ರಿ 16–17 ಡಿಗ್ರಿಗೆ ಇಳಿಯುತ್ತದೆ, ಏಪ್ರಿಲಿನ ಮಧ್ಯಾಹ್ನ 35ರ ಆಸುಪಾಸು ಏರುತ್ತದೆ. ತೊಟ್ಟಿ 24–27 ಡಿಗ್ರಿಯಲ್ಲಿ ನಿಲ್ಲಬೇಕು. ಚಳಿಗಾಲಕ್ಕೆ 100 ವಾಟ್ ಹೀಟರ್, ಬೇಸಿಗೆಗೆ ನೀರಿನ ಮೇಲ್ಮೈಗೆ ಬೀಸುವ ಸಣ್ಣ ಫ್ಯಾನು. ಫ್ಯಾನು 2–3 ಡಿಗ್ರಿ ಇಳಿಸುತ್ತದೆ, ಆದರೆ ನೀರನ್ನೂ ಆರಿಸುತ್ತದೆ. 100 ಲೀಟರಿನಲ್ಲಿ 3 ಲೀಟರ್ ಆರಿದರೆ ಉಪ್ಪಿನಂಶ ಸಾವಿರಕ್ಕೆ 35ರಿಂದ 36ಕ್ಕೆ ಏರಿತು. ಆರುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಆದ್ದರಿಂದ ಪ್ರತಿದಿನ ತುಂಬಿಸಬೇಕಾದ್ದು ಉಪ್ಪಿಲ್ಲದ ಶುದ್ಧ ನೀರು. ಇಲ್ಲಿ ತಪ್ಪಿ ಉಪ್ಪುನೀರೇ ಸುರಿದು ಕಿರೀಟ ಉದುರಿಸಿದವರು ಬಹಳ. ಕರೆಂಟು ಹೋದರೆ ಓಡಲು ಬ್ಯಾಟರಿಯ ಏರ್ ಪಂಪೊಂದು ಇರಲಿ. ಆ ಪಂಪು ಕೋಣೆಯ ಗಾಳಿಯನ್ನೇ ನೀರಿಗೆ ತುಂಬುವುದರಿಂದ ಸೊಳ್ಳೆಬತ್ತಿ, ಪ್ಲಗ್ಗಿಗೆ ಹಾಕುವ ಸೊಳ್ಳೆ ಔಷಧಿ, ಜಿರಳೆ ಸ್ಪ್ರೇ ಆ ಕೋಣೆಯಲ್ಲಿ ಬೇಡವೇ ಬೇಡ. ಅವುಗಳಲ್ಲಿರುವ ಪೈರೆಥ್ರಾಯ್ಡ್‌ಗಳು ನೀರಿನ ಜೀವಿಗಳಿಗೆ ಮಾರಕ. ಊದಿನಕಡ್ಡಿ ಹಚ್ಚುವ ದೇವರ ಗೂಡಿನ ಪಕ್ಕದಲ್ಲೂ ತೊಟ್ಟಿ ಇಡದಿರುವುದು ವಾಸಿ.

ಹುಳು ಕೊಳ್ಳುವಾಗ ಗಾಜಿನ ಮುಂದೆ ಕೈ ಆಡಿಸಿ. ಗರಿಗಳ ಮೇಲೆ ಬೆಳಕು ಗ್ರಹಿಸುವ ಚುಕ್ಕೆಗಳಿವೆ, ಮೈಯುದ್ದಕ್ಕೂ ದಪ್ಪ ನರತಂತು ಇದೆ. ನೆರಳು ಬಿದ್ದೊಡನೆ ಆರೋಗ್ಯವಂತ ಹುಳು ಸರಕ್ಕನೆ ಒಳಗೆ ಹೋಗುತ್ತದೆ. ನಿಧಾನವಾಗಿ ಮಡಚಿಕೊಳ್ಳುವುದನ್ನು, ಕೊಳವೆಯ ತಳ ಹರಿದಿರುವುದನ್ನು ತರಬೇಡಿ. ಅಂಗಡಿಯ ನೀರಿನ ಸಾಂದ್ರತೆ ಕೇಳಿ ತಿಳಿದುಕೊಳ್ಳಿ. ಉಪ್ಪು ಉಳಿಸಲು 1.020ರಲ್ಲಿ ಇಟ್ಟಿರುವುದುಂಟು. ಮನೆಗೆ ತಂದು ಚೀಲದ ನೀರನ್ನು ಪಾತ್ರೆಗೆ ಬಿಟ್ಟು, ಏರ್ ಟ್ಯೂಬಿಗೆ ಗಂಟು ಹಾಕಿ ತೊಟ್ಟಿಯ ನೀರನ್ನು ಸೆಕೆಂಡಿಗೆ ಎರಡು ಮೂರು ಹನಿಯಂತೆ ಬೀಳಿಸಿ. ನೀರು ಮೂರು ಪಟ್ಟಾಗುವ ತನಕ, ಹೆಚ್ಚೂಕಡಿಮೆ ಒಂದೂವರೆ ಗಂಟೆ. ಆಮೇಲೆ ಮರಳಿನಲ್ಲಿ ಬೆರಳಿನಿಂದ ಗುಂಡಿ ಮಾಡಿ ಕೊಳವೆಯ ಮೂರನೇ ಒಂದು ಭಾಗ ಹೂಳಿ, ಬುಡಕ್ಕೆ ಎರಡು ಕಲ್ಲು ಆನಿಸಿ. ಕೊಳವೆಯನ್ನು ಹಿಸುಕಬಾರದು. ಪಂಪಿನ ನೀರು ನೇರವಾಗಿ ಬಡಿಯಬಾರದು, ಗರಿಗಳು ಮೆಲ್ಲಗೆ ತೂಗುವಷ್ಟು ಹರಿವಿದ್ದರೆ ಸರಿ.

ಇನ್ನು ಊಟ. ಗರಿಹುಳುವಿಗೆ ಬೇಕಾದದ್ದು ತೇಲುವ ಸೂಕ್ಷ್ಮ ಪಾಚಿ. ನ್ಯಾನೋಕ್ಲೋರಾಪ್ಸಿಸ್ ಸುಮಾರು 2 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ ಒಂದು ಮೈಕ್ರಾನ್), ಐಸೋಕ್ರೈಸಿಸ್ 4–6, ಟೆಟ್ರಾಸೆಲ್ಮಿಸ್ 10ರ ಆಸುಪಾಸು. ಎರಡು ಬಗೆ ಬೆರೆಸಿ ಕೊಟ್ಟರೆ ಒಳ್ಳೆಯದು. ಬಾಟಲಿಯಲ್ಲಿ ಬರುವ ಗಟ್ಟಿ ಪಾಚಿ ದುಬಾರಿ, ತೆರೆದ ಮೇಲೆ ಫ್ರಿಜ್ಜಿನಲ್ಲೂ ಬಹಳ ಕಾಲ ನಿಲ್ಲದು. ಮನೆಯಲ್ಲೇ ಬೆಳೆಸುವುದು ಹೆಪ್ಪು ಹಾಕಿದಷ್ಟೇ ಸಲೀಸು. 2 ಲೀಟರಿನ ತೊಳೆದ ಪಾರದರ್ಶಕ ಬಾಟಲಿಗೆ 1.020 ಸಾಂದ್ರತೆಯ ಹೊಸ ಉಪ್ಪುನೀರು ಒಂದೂಕಾಲು ಲೀಟರ್, ಎಫ್/2 ಎಂಬ ಪೋಷಕ ದ್ರಾವಣ ಅದರ ಚೀಟಿಯಲ್ಲಿ ಹೇಳಿದಷ್ಟು, ಹೆಪ್ಪಿಗೆ 250 ಮಿ.ಲೀ. ಜೀವಂತ ಪಾಚಿನೀರು. ಗಾಳಿಯ ನಳಿಕೆ ತಳ ಮುಟ್ಟಬೇಕು, ಗುಳ್ಳೆಗಳು ನೀರನ್ನು ಸದಾ ಕಲಕುತ್ತಿರಬೇಕು. ದಿನಕ್ಕೆ 16 ಗಂಟೆ ಎಲ್‌ಇಡಿ ಬೆಳಕು. ಕಿಟಕಿಯ ನೇರ ಬಿಸಿಲು ಬೇಡ, ಬೇಸಿಗೆಯಲ್ಲಿ ಬಾಟಲಿ ಕಾದು ಪಾಚಿ ಸಾಯುತ್ತದೆ. 7–10 ದಿನಕ್ಕೆ ಕಡುಹಸಿರಾದಾಗ ಅರ್ಧ ತೆಗೆದು ಫ್ರಿಜ್ಜಿಗಿಡಿ, ಉಳಿದರ್ಧಕ್ಕೆ ಹೊಸ ನೀರು, ಪೋಷಕ ಸೇರಿಸಿ. ಫ್ರಿಜ್ಜಿನದನ್ನು ದಿನಕ್ಕೊಮ್ಮೆ ಅಲುಗಾಡಿಸಿ ಎರಡು ವಾರದೊಳಗೆ ಮುಗಿಸಿ. ಹಸಿರು ಏಕಾಏಕಿ ಹಳದಿಗೆ ತಿರುಗಿ ತಿಳಿಯಾದರೆ ಪಾಚಿ ತಿನ್ನುವ ಸೂಕ್ಷ್ಮಪ್ರಾಣಿ ಹೊಕ್ಕಿರಬಹುದು. ಪೂರ್ತಿ ಚೆಲ್ಲಿ ಬಾಟಲಿ, ನಳಿಕೆ ಎರಡನ್ನೂ ಬದಲಿಸಿ. ಈ ಕಾರಣಕ್ಕೇ ಯಾವಾಗಲೂ ಎರಡು ಬಾಟಲಿ ನಡೆಸಬೇಕು.

ಮೇಲೆ ಹೇಳಿದ ತೊಟ್ಟಿಗೆ ದಿನಕ್ಕೆ 50 ಮಿ.ಲೀ. ಕಡುಹಸಿರು ನೀರಿನಿಂದ ಆರಂಭಿಸಿ, ಬೆಳಿಗ್ಗೆ ಅರ್ಧ, ಸಂಜೆ ಅರ್ಧ. ಆ ಹೊತ್ತಿಗೆ ಸ್ಕಿಮ್ಮರನ್ನು (ನೀರಿನ ಕಸವನ್ನು ನೊರೆಯಾಗಿಸಿ ತೆಗೆಯುವ ಯಂತ್ರ) ಒಂದು ಗಂಟೆ ನಿಲ್ಲಿಸಿ, ಫಿಲ್ಟರಿನ ಬಟ್ಟೆ ಚೀಲ ತೆಗೆದಿಡಿ. ಇಲ್ಲದಿದ್ದರೆ ಹಾಕಿದ್ದೆಲ್ಲ ಅಲ್ಲಿಗೇ ಹೋಗುತ್ತದೆ. ಕಿರೀಟದ ಮೇಲೆ ಸಿರಿಂಜಿನಿಂದ ಚಿಮ್ಮಿಸಬೇಡಿ, ಹುಳು ಮುಚ್ಚಿಕೊಳ್ಳುತ್ತದೆ. ಹರಿವಿನ ಮೇಲ್ಗಡೆ ಬಿಟ್ಟರೆ ತಾನೇ ಹಿಡಿಯುತ್ತದೆ. ವಾರಕ್ಕೊಮ್ಮೆ ಒಂದು ಲೋಟ ಸುರಿಯುವುದಕ್ಕಿಂತ ದಿನಾ ಎರಡು ಚಮಚ ಮೇಲು. ನೈಟ್ರೇಟ್ 20 ಪಿಪಿಎಂ ದಾಟದಿದ್ದರೆ ಪ್ರಮಾಣ ಮೆಲ್ಲಗೆ ಏರಿಸಬಹುದು. ವಾರಕ್ಕೆ 10 ಲೀಟರ್ ನೀರು ಬದಲಿಸಿದರೆ ಲೆಕ್ಕ ತೂಗುತ್ತದೆ. ಮೊಟ್ಟೆಯ ಹಳದಿ, ಹಾಲಿನ ಪುಡಿ ಹಾಕುವ ಸಲಹೆ ಕೇಳಬೇಡಿ, ತೊಟ್ಟಿ ಕೊಳೆಯುತ್ತದೆ.

ಜೊತೆಗಾರರ ವಿಷಯದಲ್ಲಿ ಮುಲಾಜು ಬೇಡ. ಚಿಟ್ಟೆಮೀನು, ಏಂಜೆಲ್, ಟ್ರಿಗರ್, ಪಫರ್ ಮೀನುಗಳು, ಆರೋ ಏಡಿ ಇವೆಲ್ಲ ಗರಿ ಕಿತ್ತು ತಿನ್ನುತ್ತವೆ. ಗೋಬಿಗಳು, ಬಸವನಹುಳು ನಿರಪಾಯ. ಕ್ಲೌನ್ ಮೀನು ಒಳ್ಳೆಯದೇ, ಆದರೆ ತಾನು ವಾಸಿಸುವ ಕಡಲಹೂವೆಂದು (ಸೀ ಅನೆಮೊನಿ) ಬಗೆದು ಕಿರೀಟದಲ್ಲೇ ಮೈ ಹೊರಳಿಸಲು ಶುರುವಿಟ್ಟರೆ ಹುಳು ಗರಿ ಅರಳಿಸುವುದನ್ನೇ ನಿಲ್ಲಿಸುತ್ತದೆ. ಆಗ ಎರಡರಲ್ಲಿ ಒಂದನ್ನು ಬೇರೆ ಮಾಡಬೇಕು.

ಕಿರೀಟ ಉದುರಿದ ದಿನ ಮೊದಲು ಸಾಂದ್ರತೆ, ಉಷ್ಣಾಂಶ, ಅಮೋನಿಯಾ ಅಳೆಯಿರಿ. ಹೊಸದಾಗಿ ತಂದ ವಾರದಲ್ಲಿ ಉದುರಿದ್ದರೆ ಪ್ರಯಾಣದ ದಣಿವು. ಅಳತೆ ಎಲ್ಲ ಸರಿಯಿದ್ದು, ಕಳೆದ ತಿಂಗಳ ಅಗಲ ಅದರ ಹಿಂದಿನದಕ್ಕಿಂತ ಕಡಿಮೆ ಇದ್ದರೆ ಹಸಿವು. ಬಿದ್ದ ಗರಿಗಳನ್ನು ತೆಗೆದುಹಾಕಿ, ಕೊಳವೆಯನ್ನು ಮಾತ್ರ ಮುಟ್ಟಬೇಡಿ. ಖಾಲಿಯೆಂದುಕೊಂಡು ಬದುಕಿದ ಹುಳುವನ್ನೇ ಎಸೆಯುವುದು ಎಲ್ಲೆಡೆ ನಡೆಯುವ ತಪ್ಪು. ಹುಳು ಸತ್ತಿದ್ದರೆ ಕೆಲವೇ ದಿನಗಳಲ್ಲಿ ಕೊಳವೆ ಜೋತುಬಿದ್ದು ಕೊಳೆತ ನಾತ ಬರುತ್ತದೆ; ಆಗ ತಡಮಾಡದೆ ತೆಗೆದು 20 ಲೀಟರ್ ನೀರು ಬದಲಿಸಿ. ಕೊಳವೆ ನೆಟ್ಟಗಿದ್ದು ವಾಸನೆ ಇಲ್ಲದಿದ್ದರೆ ಆರು ವಾರ ಕಾಯಿರಿ. ಒಂದು ಬೆಳಿಗ್ಗೆ ಕೊಳವೆಯ ಬಾಯಲ್ಲಿ ಚಿತ್ರ ಬರೆಯುವ ಕುಂಚದ ತುದಿಯಷ್ಟು ಬಿಳಿಚಿದ ಗರಿಗಳು ಕಾಣುತ್ತವೆ. ಅಂದು ಸಂಜೆಯಿಂದಲೇ 10 ಮಿ.ಲೀ. ಹಸಿರು ನೀರು ಕೊಡಲು ಶುರುಮಾಡಿ.